ಸಿಡಿದ ನಕ್ಷತ್ರ, ಕಾಣದ ಕಣ: 1987ರ ಆ ಕೆಲವು ಸೆಕೆಂಡುಗಳನ್ನು ಎಷ್ಟು ನಂಬಬಹುದು?

ಕೆಲಗೇರಿ ಕೆರೆ, ಧಾರವಾಡ

ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಇರವು ತಿಳಿಯುವ ವಸ್ತು) ಚರ್ಚೆಯಲ್ಲಿ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಆಕ್ಸಿಯಾನ್ ಎಂಬ, ಇನ್ನೂ ಯಾರೂ ಹಿಡಿಯದ ಕಣದ ಬಗ್ಗೆ "ಇದರ ತೂಕ ಇಷ್ಟಕ್ಕಿಂತ ಜಾಸ್ತಿ ಇರಲಾರದು" ಅಂತ ಹೇಗೆ ಹೇಳುತ್ತಾರೆ? ಒಳ್ಳೆಯ ಪ್ರಶ್ನೆ. ಅದಕ್ಕೇ ಈ ಹೊಸ ಎಳೆ.

1987ರ ಫೆಬ್ರವರಿ 23, ಸೋಮವಾರ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 1 ಗಂಟೆ 5 ನಿಮಿಷ. ಆಗ ಹುಬ್ಬಳ್ಳಿ-ಧಾರವಾಡದಲ್ಲಿದ್ದ ಪ್ರತಿಯೊಬ್ಬರ ಮೈಯಲ್ಲೂ ಚದರ ಸೆಂಟಿಮೀಟರಿಗೆ ಸಾವಿರಾರು ಕೋಟಿ ನ್ಯೂಟ್ರಿನೋಗಳು, ಅಂದರೆ ಯಾವುದನ್ನೂ ಹೆಚ್ಚುಕಡಿಮೆ ತಟ್ಟದೆ ದಾಟಿಹೋಗುವ ಅತಿ ಹಗುರ ಕಣಗಳು, ಹಾದುಹೋದವು. ಅವು ಬಂದದ್ದು ಮೇಲಿನಿಂದಲ್ಲ, ನೆಲದೊಳಗಿಂದ, ಓರೆಯಾಗಿ. ಅವು ಹೊರಟ ಜಾಗ ಆ ಹೊತ್ತಿನಲ್ಲಿ ನಮ್ಮ ದಿಗಂತದ ಕೆಳಗಿತ್ತು. ಯಾರಿಗೂ ಏನೂ ತಿಳಿಯಲಿಲ್ಲ.

ಅವು ಹೊರಟದ್ದು ದೊಡ್ಡ ಮೆಗೆಲ್ಲನ್ ಮೋಡ ಎಂಬ ನೆರೆಯ ಗ್ಯಾಲಕ್ಸಿಯಿಂದ. ಸುಮಾರು 1,68,000 ಬೆಳಕಿನ ವರ್ಷ ದೂರ. ಅಲ್ಲಿ ಸೂರ್ಯನ ಸುಮಾರು 20 ಪಟ್ಟು ತೂಕದ ನೀಲಿ ನಕ್ಷತ್ರವೊಂದು ಕುಸಿದು ಸಿಡಿದಿತ್ತು, ಅಂದರೆ ಸೂಪರ್‌ನೋವಾ ಆಗಿತ್ತು. ಅದಕ್ಕೆ ಎಸ್‌ಎನ್ 1987ಎ ಅಂತ ಹೆಸರು. ಭೂಮಿಯ ಮೇಲೆ ಮೂರು ಕಡೆಯ ಪತ್ತೆ ಉಪಕರಣಗಳಲ್ಲಿ ಆ ನ್ಯೂಟ್ರಿನೋಗಳು ಸಿಕ್ಕವು. ಜಪಾನಿನ ಕಾಮಿಯೊಕಾಂಡೆಯಲ್ಲಿ 11, ಅಮೆರಿಕದ ಒಹಾಯೊದ ಉಪ್ಪಿನ ಗಣಿಯೊಳಗಿದ್ದ ಐಎಂಬಿಯಲ್ಲಿ 8, ಕಾಕಸಸ್ ಬೆಟ್ಟದ ಬಕ್ಸಾನ್‌ನಲ್ಲಿ 5. ಒಟ್ಟು 24. ಬೆಳಕು ಬಂದದ್ದು ಎರಡು ಮೂರು ಗಂಟೆ ಆದಮೇಲೆ, ಏಕೆಂದರೆ ಸ್ಫೋಟದ ಅಲೆ ನಕ್ಷತ್ರದ ಹೊರಪದರ ದಾಟಿ ಬರಲು ಅಷ್ಟು ಹೊತ್ತು ಬೇಕು.

ಈ 24 ಸಂಕೇತಗಳ ಮೇಲೆ ಇವತ್ತಿಗೂ ಪೇಪರ್‌ಗಳು ಬರುತ್ತಲೇ ಇವೆ. ಕುಸಿದ ತಿರುಳಿನ ತಾಪ ಹತ್ತಾರು ಸಾವಿರ ಕೋಟಿ ಡಿಗ್ರಿ. ಅಲ್ಲಿನ ವಸ್ತು ಒಂದು ಘನ ಸೆಂಟಿಮೀಟರಿಗೆ ಕೋಟ್ಯಂತರ ಟನ್ ತೂಗುತ್ತದೆ. ಭೂಮಿಯನ್ನು ಆರಾಮಾಗಿ ದಾಟುವ ನ್ಯೂಟ್ರಿನೋ ಕೂಡ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಡಿಕ್ಕಿ ಹೊಡೆಯುತ್ತ, ದಿಕ್ಕು ಬದಲಿಸುತ್ತ ನಿಧಾನ ಹೊರಬರುತ್ತದೆ. ಹಾಗಾಗಿ ತಿರುಳು ತಣ್ಣಗಾಗಲು ಹತ್ತು ಸೆಕೆಂಡಿನ ಆಸುಪಾಸು ಬೇಕು. ಕಾಮಿಯೊಕಾಂಡೆಯಲ್ಲಿ ಮೊದಲ ಸಂಕೇತಕ್ಕೂ ಕೊನೆಯದಕ್ಕೂ ನಡುವೆ ಇದ್ದದ್ದು 12.4 ಸೆಕೆಂಡು.

ನ್ಯೂಟ್ರಿನೋಗಿಂತ ಸಲೀಸಾಗಿ ತಪ್ಪಿಸಿಕೊಳ್ಳುವ ಇನ್ನೊಂದು ಕಣ ಅಲ್ಲಿ ಹುಟ್ಟುತ್ತಿದ್ದರೆ? ಅದು ಶಾಖವನ್ನು ಹೊತ್ತುಕೊಂಡು ನೇರ ಹೊರಗೆ ಓಡುತ್ತಿತ್ತು. ತಿರುಳು ಬೇಗ ತಣ್ಣಗಾಗುತ್ತಿತ್ತು. ನ್ಯೂಟ್ರಿನೋಗಳ ಸುರಿಮಳೆ ಒಂದೆರಡು ಸೆಕೆಂಡಿನಲ್ಲೇ ನಿಲ್ಲುತ್ತಿತ್ತು. ಅದು ಹಾಗೆ ನಿಲ್ಲಲಿಲ್ಲ. ಆದ್ದರಿಂದ ಅಂಥ ಕಣ ಇದ್ದರೂ, ನ್ಯೂಟ್ರಿನೋಗಳು ಸಾಗಿಸಿದ್ದಕ್ಕಿಂತ ಹೆಚ್ಚು ಶಾಖವನ್ನು ಅದು ಸಾಗಿಸಿರಲಾರದು.

ಇದು ನನಗೆ ಭೌತಶಾಸ್ತ್ರದಲ್ಲೇ ತುಂಬಾ ಇಷ್ಟವಾದ ವಾದ. ಎಷ್ಟು ಗಟ್ಟಿ ಅನ್ನುವುದನ್ನು ಇಲ್ಲಿ ಸೇರಿ ನೋಡೋಣ.

ಟೋಲನಾಕಾ, ಧಾರವಾಡ

ಸರ್, ನಾನು ಎಂಜಿನಿಯರಿಂಗ್ ಓದಿದವನು, ಭೌತಶಾಸ್ತ್ರದವನಲ್ಲ. ಒಂದು ಕಡೆ ಮನಸ್ಸು ಒಪ್ಪುತ್ತಿಲ್ಲ. ಕಣವನ್ನು ನೋಡಿಲ್ಲ, ಅದರ ಗುರುತೂ ಸಿಕ್ಕಿಲ್ಲ. ಬೇರೆ ಕಣಗಳು ಬಂದ ಹೊತ್ತನ್ನು ನೋಡಿ ಈ ಕಣ ಇಲ್ಲ ಅಂದರೆ, ಅದು ಪುರಾವೆ ಹೇಗಾಗುತ್ತದೆ?

ಬ್ಯಾಡಗಿ ಬಜಾರ, ಹಾವೇರಿ

ಟೋಲನಾಕಾ ಅಣ್ಣಾ, ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ನನಗೆ ಇದು ಹೀಗೆ ಅರ್ಥವಾಯಿತು. ಹಳ್ಳಿಯಲ್ಲಿ ಚೀಲ ತೂಗಿ ಲಾರಿಗೆ ಹೇರುತ್ತಾರೆ. ಬ್ಯಾಡಗಿಯಲ್ಲಿ ಇಳಿಸಿ ಮತ್ತೆ ತೂಗುತ್ತಾರೆ. ಎರಡೂ ತೂಕ ಹೊಂದಿದರೆ ದಾರಿಯಲ್ಲಿ ಅರ್ಧ ಮಾಲನ್ನು ಯಾರೂ ಇಳಿಸಿಕೊಂಡಿಲ್ಲ ಅಂತ ಗೊತ್ತಾಗುತ್ತದೆ. ಇಳಿಸಿಕೊಳ್ಳುವವನ ಮುಖ ನೋಡಬೇಕಾಗಿಲ್ಲ. ಒಂದೆರಡು ಕಿಲೋ ಹೋಗಿದ್ದರೆ ಮಾತ್ರ ತಿಳಿಯುವುದಿಲ್ಲ.

ಸೂಪರ್‌ನೋವಾದಲ್ಲೂ ಹಾಗೇ ಅಲ್ವಾ? ಕುಸಿತದಿಂದ ಎಷ್ಟು ಶಕ್ತಿ ಬಿಡುಗಡೆಯಾಗಬೇಕು ಅನ್ನುವುದು ಒಂದು ತೂಕ. ನ್ಯೂಟ್ರಿನೋಗಳು ತಂದದ್ದು ಇನ್ನೊಂದು ತೂಕ.

ಕೆಲಗೇರಿ ಕೆರೆ, ಧಾರವಾಡ

ಸರಿಯಾಗಿ ಹಿಡಿದಿದ್ದೀರಿ. ಅಂಕಿ ಸೇರಿಸುತ್ತೇನೆ. ಸೂರ್ಯನಿಗಿಂತ ತುಸು ಜಾಸ್ತಿ ತೂಕದ ತಿರುಳು ಸುಮಾರು 20ರಿಂದ 25 ಕಿಲೋಮೀಟರ್ ಅಗಲದ ನ್ಯೂಟ್ರಾನ್ ನಕ್ಷತ್ರವಾಗಿ ಕುಗ್ಗಿದರೆ, ಬಿಡುಗಡೆಯಾಗುವ ಶಕ್ತಿ ಸೂರ್ಯ ತನ್ನ ಇಡೀ ಆಯುಷ್ಯದಲ್ಲಿ ಸುರಿಸುವ ಬೆಳಕಿನ ನೂರು ಪಟ್ಟಿಗೂ ಹೆಚ್ಚು. ಇದರಲ್ಲಿ 99 ಪಾಲು ನ್ಯೂಟ್ರಿನೋಗಳದ್ದೇ. ನಕ್ಷತ್ರವನ್ನು ಛಿದ್ರ ಮಾಡುವ ಸ್ಫೋಟಕ್ಕೆ ಸಿಗುವುದು ಶೇಕಡಾ 1. ನಮ್ಮ ಕಣ್ಣಿಗೆ ಬೀಳುವ ಬೆಳಕು ಅದಕ್ಕಿಂತಲೂ ಎಷ್ಟೋ ಕಡಿಮೆ. 1987ರಲ್ಲಿ ಸಿಕ್ಕ 24 ಸಂಕೇತಗಳಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ಒಟ್ಟು ಶಕ್ತಿ ಹೆಚ್ಚುಕಡಿಮೆ ನಿರೀಕ್ಷಿಸಿದಷ್ಟೇ ಬಂತು. ಹೊರಬಂದ ಹೊತ್ತೂ ಹೊಂದಿತು. ಎರಡು ಬೇರೆ ಬೇರೆ ಪರೀಕ್ಷೆ, ಎರಡರಲ್ಲೂ ಪಾಸು.

ಉಣಕಲ್31, ಹುಬ್ಬಳ್ಳಿ

ನಾನು ಅಂಕಿಅಂಶದ ಕೆಲಸದವಳು. ಸ್ವಲ್ಪ ಗಟ್ಟಿಯಾಗಿಯೇ ಕೇಳುತ್ತೇನೆ, ಬೇಜಾರಾಗಬೇಡಿ.

ಮೊದಲನೆಯದು, 24 ಸಂಕೇತ ಅಂದರೆ ಬಹಳ ಕಡಿಮೆ. ಎರಡನೆಯದು, ಅವು ಸಮನಾಗಿ ಹರಡಿಲ್ಲ. ಕಾಮಿಯೊಕಾಂಡೆಯಲ್ಲಿ ಹೆಚ್ಚಿನವು ಮೊದಲ ಎರಡು ಸೆಕೆಂಡಿನಲ್ಲೇ ಬಂದವು. ಆಮೇಲೆ ಸುಮಾರು 7 ಸೆಕೆಂಡು ಏನೂ ಇಲ್ಲ. ಕೊನೆಗೆ ಮೂರು. "ತಿರುಳು ನಿಧಾನ ತಣ್ಣಗಾಯಿತು" ಅನ್ನುವ ಮಾತಿನ ಬಹುಪಾಲು ಭಾರ ಆ ಕೊನೆಯ ಮೂರರ ಮೇಲಿದೆ. ಮೂರನೆಯದು, ಗಡಿಯಾರಗಳು. ಐಎಂಬಿಯ ಸಮಯ ಕರಾರುವಾಕ್ಕಾಗಿತ್ತು. ಕಾಮಿಯೊಕಾಂಡೆಯ ಗಡಿಯಾರದಲ್ಲಿ ಒಂದು ನಿಮಿಷದಷ್ಟು ಅನಿಶ್ಚಿತತೆ ಇತ್ತು. ಬಕ್ಸಾನ್‌ನದೂ ಹಾಗೇ. ಮೂರನ್ನೂ ಒಂದೇ ಕ್ಷಣಕ್ಕೆ ಹೊಂದಿಸಿದ್ದು ನಾವು.

ನಾಲ್ಕನೆಯದೇ ದೊಡ್ಡದು. ಬ್ಯಾಡಗಿಯವರೇ, ಹಳ್ಳಿಯಲ್ಲಿ ತೂಗಿದವರು ಯಾರು? ಅಲ್ಲಿ ತಕ್ಕಡಿಯೇ ಇರಲಿಲ್ಲ. ಆ ತೂಕ ಕಂಪ್ಯೂಟರ್ ಮಾದರಿಯಿಂದ ಬಂದದ್ದು.

ಕೆಲಗೇರಿ ಕೆರೆ, ಧಾರವಾಡ

ಬೇಜಾರು ಯಾಕೆ ಮೇಡಂ, ಇದನ್ನು ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ.

ಗಡಿಯಾರದ ವಿಷಯ ಮೊದಲು. ಪ್ರತಿ ಉಪಕರಣದ ಒಳಗಿನ ಸಂಕೇತಗಳ ನಡುವಿನ ಅಂತರ ನಿಖರವಾಗಿಯೇ ಇತ್ತು. ಅನಿಶ್ಚಿತತೆ ಇದ್ದದ್ದು ಲೋಕದ ಗಡಿಯಾರಕ್ಕೆ ಅದನ್ನು ಹೊಂದಿಸುವುದರಲ್ಲಿ. ಸುರಿಮಳೆ ಎಷ್ಟು ಹೊತ್ತು ಇತ್ತು ಅನ್ನುವುದಕ್ಕೆ ಇದರಿಂದ ಧಕ್ಕೆ ಇಲ್ಲ. ಐಎಂಬಿಯ ಎಂಟು ಸಂಕೇತಗಳೂ 5ರಿಂದ 6 ಸೆಕೆಂಡು ಹರಡಿದ್ದವು. ಕಾಮಿಯೊಕಾಂಡೆಯ ಕೊನೆಯ ಮೂರನ್ನು ಪಕ್ಕಕ್ಕಿಟ್ಟರೂ, ಎಲ್ಲವೂ ಒಂದೇ ಸೆಕೆಂಡಿನಲ್ಲಿ ಮುಗಿಯಿತು ಎನ್ನಲು ಬರುವುದಿಲ್ಲ.

ಮಾದರಿಯ ವಿಷಯದಲ್ಲಿ ನಿಮ್ಮ ಮಾತಿಗೆ ತೂಕವಿದೆ. ಅಷ್ಟು ದಟ್ಟವಾದ ವಸ್ತುವಿನಲ್ಲಿ ನ್ಯೂಟ್ರಾನು, ಪ್ರೋಟಾನುಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ನೇರ ಪ್ರಯೋಗದಿಂದ ತಿಳಿಯುವುದು ಕಷ್ಟ. ಆಕ್ಸಿಯಾನ್ ಹುಟ್ಟುವುದು ಮುಖ್ಯವಾಗಿ ಈ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ. ಡಿಕ್ಕಿಯ ಲೆಕ್ಕ ತಿದ್ದಿದಂತೆ ಮಿತಿಯೂ ಸರಿದಾಡಿದೆ. ಒಮ್ಮೆ ಸಡಿಲ, ಒಮ್ಮೆ ಬಿಗಿ. ತಿರುಳಿನಲ್ಲಿರುವ ಪಯಾನ್ ಎಂಬ ಕಣಗಳಿಂದಲೂ ಆಕ್ಸಿಯಾನ್ ಹುಟ್ಟಬಹುದು ಎಂದು ಸೇರಿಸಿದಾಗ ಮತ್ತೆ ಬಿಗಿಯಾಯಿತು. ಆದ್ದರಿಂದ ಆಕ್ಸಿಯಾನ್ ತೂಕಕ್ಕೆ 0.01ರಿಂದ 0.02 ಎಲೆಕ್ಟ್ರಾನ್ ವೋಲ್ಟ್ (ಕಣಗಳ ತೂಕ ಹೇಳುವ ಅಳತೆ) ಮಿತಿ ಎಂದು ಓದಿದರೆ, ಅದನ್ನು ಚೂಪು ಗೆರೆ ಎಂದುಕೊಳ್ಳಬೇಡಿ. ದಪ್ಪ ಪಟ್ಟಿ ಅದು. ಹೋಲಿಕೆಗೆ ಹೇಳುವುದಾದರೆ ಎಲೆಕ್ಟ್ರಾನಿನ ತೂಕ ಸುಮಾರು 5,11,000 ಎಲೆಕ್ಟ್ರಾನ್ ವೋಲ್ಟ್. ಪಟ್ಟಿ ಎರಡು ಮೂರು ಪಟ್ಟು ಆಚೀಚೆ ಆದರೂ, ಅದು ತಳ್ಳಿಹಾಕುವ ಜಾಗ ಅಗಾಧ.

ಪಿಯು ದ್ವಿತೀಯ, ಗದಗ

ಸರ್, ನಡುವೆ ಬಂದೆ. ಆಕ್ಸಿಯಾನ್ ಬೇಕು ಅಂತ ಯಾಕೆ ಅನಿಸಿತು? ಸುಮ್ನೆ ಒಂದು ಕಣ ಇರಲಿ ಅಂತ ಯಾರೂ ಹೇಳುವುದಿಲ್ಲ ಅಲ್ವಾ?

ಗದಗ ಮಾಸ್ತರ

ನಮ್ಮ ಊರಿನ ಹುಡುಗಿಯ ಪ್ರಶ್ನೆ. ಇದಕ್ಕೆ ನಾನೇ ಉತ್ತರ ಕೊಡುತ್ತೇನೆ.

ತಂಗೀ, ನ್ಯೂಟ್ರಾನಿಗೆ ಒಟ್ಟಾರೆ ವಿದ್ಯುದಂಶ ಇಲ್ಲ. ಆದರೆ ಅದರೊಳಗೆ ವಿದ್ಯುದಂಶ ಇರುವ ಕ್ವಾರ್ಕ್‌ಗಳಿವೆ. ಹಾಗಾಗಿ ಒಂದು ಬದಿ ತುಸು ಧನ, ಇನ್ನೊಂದು ಬದಿ ತುಸು ಋಣ ಇರಬಹುದು. ಕ್ವಾರ್ಕ್‌ಗಳನ್ನು ಕಟ್ಟಿಹಾಕುವ ಪ್ರಬಲ ಬಲದ ಸಿದ್ಧಾಂತ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಎಷ್ಟು ಸೂಕ್ಷ್ಮವಾಗಿ ಅಳೆದರೂ ಆ ವ್ಯತ್ಯಾಸ ಸಿಕ್ಕಿಲ್ಲ. ಇದ್ದರೂ, ಸಿದ್ಧಾಂತದಲ್ಲಿ ಸಹಜ ಎನಿಸುವ ಅಳತೆಗಿಂತ ಅದು ನೂರು ಕೋಟಿ ಪಟ್ಟಿಗೂ ಹೆಚ್ಚು ಚಿಕ್ಕದು. ಇರಬಹುದಾದ ಸಂಗತಿ ಯಾಕೆ ಇಲ್ಲ? 1977ರಲ್ಲಿ ಪೆಚ್ಚೈ ಮತ್ತು ಕ್ವಿನ್ ಎಂಬ ಭೌತವಿಜ್ಞಾನಿಗಳು ಇದಕ್ಕೊಂದು ದಾರಿ ಸೂಚಿಸಿದರು. 1978ರಲ್ಲಿ ವೈನ್‌ಬರ್ಗ್ ಮತ್ತು ವಿಲ್ಚೆಕ್, ಬೇರೆ ಬೇರೆಯಾಗಿ, ಆ ದಾರಿ ನಿಜವಾದರೆ ಒಂದು ಹೊಸ ಹಗುರ ಕಣ ಇರಲೇಬೇಕು ಎಂದು ತೋರಿಸಿದರು. ಅದೇ ಆಕ್ಸಿಯಾನ್. ಅದು ಡಾರ್ಕ್ ಮ್ಯಾಟರ್ ಕೂಡ ಆಗಬಹುದು ಎಂಬುದು ಆಮೇಲೆ ಹೊಳೆಯಿತು.

ಇದರಲ್ಲಿ ತೂಕ ಮತ್ತು ಬೇರೆ ಕಣಗಳ ಜೊತೆಗಿನ ನಂಟು ಒಟ್ಟಿಗೇ ಹೆಚ್ಚುತ್ತವೆ, ಒಟ್ಟಿಗೇ ಕಡಿಮೆಯಾಗುತ್ತವೆ. ಅದಕ್ಕೇ ಸೂಪರ್‌ನೋವಾ ನಂಟಿಗೆ ಹಾಕಿದ ಮಿತಿ ತೂಕಕ್ಕೂ ಮಿತಿಯಾಗುತ್ತದೆ.

ಪಿಯು ದ್ವಿತೀಯ, ಗದಗ

ಈಗ ತಿಳಿಯಿತು ಸರ್. ಇನ್ನೊಂದು. ಬ್ರಹ್ಮಾಂಡ ವೇಗವಾಗಿ ಹಿಗ್ಗುತ್ತಿದೆ ಅಂತ 1998ರಲ್ಲಿ ಸೂಪರ್‌ನೋವಾ ನೋಡಿ ಹೇಳಿದರಲ್ಲ, ಅದೂ ಇದೇ ಥರದ್ದಾ?

ಗದಗ ಮಾಸ್ತರ

ಅಲ್ಲ. ಅವು ಬಿಳಿ ಕುಬ್ಜಗಳು, ಅಂದರೆ ಇಂಧನ ಮುಗಿದು ಕುಗ್ಗಿದ ಚಿಕ್ಕ ನಕ್ಷತ್ರಗಳು, ಸಿಡಿಯುವ ಬಗೆ. ದೂರ ಅಳೆಯಲು ಬಳಸುತ್ತಾರೆ. ಇಲ್ಲಿನದು ದೊಡ್ಡ ನಕ್ಷತ್ರದ ತಿರುಳು ಕುಸಿಯುವ ಬಗೆ.

ಟೋಲನಾಕಾ, ಧಾರವಾಡ

ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಈಗ ಇನ್ನೊಂದು ಕಾಡುತ್ತಿದೆ. ನಂಟು ತೀರಾ ಕಡಿಮೆ ಇದ್ದರೆ ಕಣ ಹುಟ್ಟುವುದೇ ಅಪರೂಪ, ಆಗ ತಿಳಿಯುವುದಿಲ್ಲ. ಸರಿ. ನಂಟು ತುಂಬಾ ಜಾಸ್ತಿ ಇದ್ದರೆ? ಆಗ ಆ ಕಣವೂ ನ್ಯೂಟ್ರಿನೋ ಥರ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಶಾಖ ಕದಿಯಲು ಆಗುವುದಿಲ್ಲ. ಅಂಥ ಕಣ ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದಲ್ಲ?

ಕೆಲಗೇರಿ ಕೆರೆ, ಧಾರವಾಡ

ಭೌತಶಾಸ್ತ್ರದವನಲ್ಲ ಎಂದಿರಿ, ಆದರೆ ಈ ಪ್ರಶ್ನೆ ವಿಷಯದ ನಡುಭಾಗಕ್ಕೇ ಹೋಯಿತು. ಹೌದು, ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಸೂಪರ್‌ನೋವಾ ಮಿತಿಗೆ ಕೆಳಗೊಂದು ಅಂಚು, ಮೇಲೊಂದು ಅಂಚು. ಕೆಳ ಅಂಚಿನ ಕೆಳಗೆ ಕಣ ಸಾಕಷ್ಟು ಹುಟ್ಟುವುದಿಲ್ಲ. ಮೇಲಂಚಿನ ಮೇಲೆ ಹುಟ್ಟಿದ್ದು ಹೊರಬರುವುದಿಲ್ಲ. ನಡುವಿನದಷ್ಟೇ ಈ ವಾದಕ್ಕೆ ಸಿಗುತ್ತದೆ. ಡಾರ್ಕ್ ಫೋಟಾನ್ (ಬೆಳಕಿನ ಕಣವನ್ನು ಹೋಲುವ ಊಹೆಯ ಕಣ), ಬೇರೆ ಬಗೆಯ ನ್ಯೂಟ್ರಿನೋ, ಯಾವುದನ್ನು ತೆಗೆದುಕೊಂಡರೂ ನಕ್ಷೆಯ ಆಕಾರ ಇದೇ.

ಮೇಲಂಚಿನ ಆಚೆಗೆ ಬೇರೆ ಉಪಾಯ ಬೇಕು. ಅಲ್ಲಿನ ಆಕ್ಸಿಯಾನ್‌ಗಳು ಒಳಗಿಂದ ನಿಧಾನ ಸೋರಿ, ಕೊನೆಗೆ ಭೂಮಿಗೂ ಬರುತ್ತವೆ. ನಂಟು ಜಾಸ್ತಿ ಇರುವುದರಿಂದ ಕಾಮಿಯೊಕಾಂಡೆಯ ನೀರಿನಲ್ಲಿರುವ ಆಮ್ಲಜನಕದ ನ್ಯೂಕ್ಲಿಯಸ್ಸನ್ನು ತಟ್ಟಿ ಎಬ್ಬಿಸುತ್ತಿದ್ದವು. ಅಂದರೆ 11ಕ್ಕಿಂತ ಎಷ್ಟೋ ಹೆಚ್ಚು ಸಂಕೇತ ಬರಬೇಕಿತ್ತು. ಬರಲಿಲ್ಲ. 1990ರಲ್ಲೇ ಈ ಲೆಕ್ಕ ಪ್ರಕಟವಾಯಿತು. ಅದೇ ನೀರು, ಅದೇ 11 ಸಂಕೇತ, ಆದರೆ ಇನ್ನೊಂದು ಬಾಗಿಲು ಮುಚ್ಚಿತು.

ಕಪ್ಪತಗುಡ್ಡದ ಗಾಳಿ, ಗದಗ

ನೀವೆಲ್ಲ ನ್ಯೂಟ್ರಿನೋ ಹಿಡಿದು ಕೂತಿದ್ದೀರಿ. ಗಾಮಾ ಕಿರಣದ ಕಥೆ ಯಾರೂ ತೆಗೆಯಲಿಲ್ಲ. ನನಗೆ ಅದೇ ಹೆಚ್ಚು ಇಷ್ಟ.

1980ರಲ್ಲಿ ಹಾರಿಸಿದ ಸೋಲಾರ್ ಮ್ಯಾಕ್ಸಿಮಮ್ ಮಿಷನ್ ಎಂಬ ಉಪಗ್ರಹ ಆಗ ಕೆಲಸ ಮಾಡುತ್ತಿತ್ತು. ಅದರ ಮುಖ ಸೂರ್ಯನ ಕಡೆ. ಸೂಪರ್‌ನೋವಾ ಕಡೆ ಅದು ತಿರುಗಿರಲೇ ಇಲ್ಲ. ಆದರೆ ಗಾಮಾ ಕಿರಣ ಉಪಕರಣದ ಪಕ್ಕದ ಗೋಡೆ ತೂರಿಯೂ ಒಳಬರುತ್ತದೆ. ನ್ಯೂಟ್ರಿನೋ ಬಂದ ಕ್ಷಣದಿಂದ 223 ಸೆಕೆಂಡು ಆ ಉಪಕರಣ ದಾಖಲು ಮಾಡುತ್ತಿತ್ತು. ಆಮೇಲೆ ಮೊದಲೇ ಗೊತ್ತುಮಾಡಿದಂತೆ ತನ್ನನ್ನು ತಾನು ಸರಿಹೊಂದಿಸಿಕೊಳ್ಳುವ ಕೆಲಸಕ್ಕೆ ಹೋಯಿತು. ಆ 223 ಸೆಕೆಂಡಿನಲ್ಲಿ ಮಾಮೂಲಿಗಿಂತ ಹೆಚ್ಚಿನ ಗಾಮಾ ಕಿರಣ ಒಂದಿಷ್ಟೂ ಇಲ್ಲ.

ಇದರಿಂದ ಏನಾಯಿತು? ಆಕ್ಸಿಯಾನ್ ಥರದ್ದೇ, ಆದರೆ ಇನ್ನೂ ಹಗುರವಾದ ಕಣಗಳು ಅಲ್ಲಿ ಹುಟ್ಟಿದ್ದರೆ, ನಮ್ಮ ಆಕಾಶಗಂಗೆಯ ಕಾಂತಕ್ಷೇತ್ರ ದಾಟುವಾಗ ಒಂದಿಷ್ಟು ಗಾಮಾ ಕಿರಣಗಳಾಗಿ ಬದಲಾಗಬೇಕಿತ್ತು. ಭಾರದ ಕಣಗಳಾದರೆ ದಾರಿಯಲ್ಲಿ ಒಡೆದು ಎರಡು ಫೋಟಾನ್ ಆಗಬೇಕಿತ್ತು. ಎರಡೂ ಕಾಣಲಿಲ್ಲ. ಹೀಗೆ ಬೆಳಕಿನ ಜೊತೆಗಿನ ನಂಟಿಗೂ ಮಿತಿ ಬಿತ್ತು. ಸೂರ್ಯನಿಗಾಗಿ ಮಾಡಿದ ಉಪಕರಣ ಇದಕ್ಕೆ ಒದಗಿತು. ದಾಖಲೆಗಳನ್ನು ಎಸೆಯದೆ ಜೋಪಾನ ಮಾಡಿದ ಜನರಿಗೆ ನನ್ನ ದೊಡ್ಡ ನಮಸ್ಕಾರ.

ಗದಗ ಮಾಸ್ತರ

ಕಾಮಿಯೊಕಾಂಡೆಯದೂ ಹಾಗೇ. ಅದನ್ನು ಕಟ್ಟಿದ್ದು ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲು. ಒಡೆದದ್ದು ಕಾಣಲಿಲ್ಲ, ಸೂಪರ್‌ನೋವಾ ಸಿಕ್ಕಿತು, 2002ರಲ್ಲಿ ಆ ಪ್ರಯೋಗದ ಮುಖ್ಯಸ್ಥ ಕೊಶಿಬಾ ಅವರಿಗೆ ನೊಬೆಲ್ ಬಂತು.

ನಮ್ಮ ಕೋಲಾರವನ್ನೂ ಇಲ್ಲಿ ನೆನೆಯಬೇಕು. 1965ರಲ್ಲಿ ಕೆಜಿಎಫ್ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೋ ಪತ್ತೆಯಾಯಿತು. ಜಗತ್ತಿನಲ್ಲೇ ಮೊದಲ ಸಾಲಿನ ಪತ್ತೆ ಅದು. ಆಮೇಲೆ ಅಲ್ಲೂ ಪ್ರೋಟಾನ್ ಒಡೆಯುವುದನ್ನು ಹುಡುಕುವ ಪ್ರಯೋಗ ನಡೆಯಿತು. ಆದರೆ ಆ ಉಪಕರಣ ಕೆಲವು ನೂರು ಟನ್ನಿನದು. ಕಾಮಿಯೊಕಾಂಡೆಯಲ್ಲಿ ಸುಮಾರು 3,000 ಟನ್ ನೀರಿತ್ತು. ಅಷ್ಟು ದೂರದ ಸೂಪರ್‌ನೋವಾಕ್ಕೆ ಅಂಥ ಗಾತ್ರವೇ ಬೇಕು. ನನ್ನ ತರಗತಿಯಲ್ಲಿ ಕೆಜಿಎಫ್ ಅಂದರೆ ಮಕ್ಕಳಿಗೆ ಸಿನಿಮಾ ನೆನಪಾಗುತ್ತದೆ. 1965ರ ಕಥೆಯನ್ನು ಹೇಳಿಯೇ ಹೇಳುತ್ತೇನೆ.

ಉಣಕಲ್31, ಹುಬ್ಬಳ್ಳಿ

ಇನ್ನೂ ಒಂದು ಗಂಟು ಇದೆ, ಅದನ್ನು ಬಿಚ್ಚದೆ ನಾನು ಬಿಡುವುದಿಲ್ಲ. ಇಡೀ ವಾದ "ಒಳಗೆ ಬಿಸಿ ನ್ಯೂಟ್ರಾನ್ ನಕ್ಷತ್ರ ಹುಟ್ಟಿ ತಣ್ಣಗಾಯಿತು" ಎಂಬುದರ ಮೇಲೆ ನಿಂತಿದೆ. 2020ರಲ್ಲಿ ಒಂದು ತಂಡ ಇದನ್ನೇ ಪ್ರಶ್ನಿಸಿತು. ಕೊನೆಯ ಆ ನ್ಯೂಟ್ರಿನೋಗಳು ತಣ್ಣಗಾಗುವ ತಿರುಳಿನಿಂದಲ್ಲ, ಕಪ್ಪುಕುಳಿಯ ಸುತ್ತ ಬೀಳುತ್ತಿದ್ದ ವಸ್ತುವಿನಿಂದ ಬಂದಿರಬಹುದು ಎಂಬುದು ಅವರ ವಾದ. ಹಾಗಾದರೆ ಶಾಖದ ಕಳ್ಳತನದ ಲೆಕ್ಕವೇ ಬೀಳುತ್ತದೆ.

ಕೆಲಗೇರಿ ಕೆರೆ, ಧಾರವಾಡ

ಅದನ್ನು ನಾನೂ ಓದಿದ್ದೇನೆ. ಗಂಭೀರ ಆಕ್ಷೇಪ. ಆದರೆ 2020ರ ನಂತರ ಒಂದು ದೊಡ್ಡ ಸುದ್ದಿ ಬಂದಿದೆ. 2024ರ ಫೆಬ್ರವರಿಯಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಫಲಿತಾಂಶ ಪ್ರಕಟವಾಯಿತು. 1987ಎ ಅವಶೇಷದ ನಟ್ಟನಡುವೆ ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆರ್ಗಾನ್ ಕಂಡಿತು. ಆರ್ಗಾನನ್ನು ಆ ಸ್ಥಿತಿಗೆ ತರಲು ನಡುವಿನಲ್ಲಿ ಬಲವಾದ ವಿಕಿರಣದ ಮೂಲ ಬೇಕು. ಬಿಸಿ ನ್ಯೂಟ್ರಾನ್ ನಕ್ಷತ್ರ, ಅಥವಾ ಅದು ಸುತ್ತಲೂ ಚೆಲ್ಲುವ ಕಣಗಳ ಗಾಳಿ. ನಕ್ಷತ್ರವನ್ನೇ ನೇರ ನೋಡಿದಂತಲ್ಲ, ಆದರೆ ಕಪ್ಪುಕುಳಿಯ ವಾದಕ್ಕೆ ಇದು ಕಷ್ಟದ ಸಂಗತಿ. ಅದಕ್ಕೂ ಮೊದಲೇ, 2019ರಲ್ಲಿ, ಚಿಲಿಯ ಆಲ್ಮಾ ದೂರದರ್ಶಕಕ್ಕೆ ಅದೇ ಜಾಗದಲ್ಲಿ ಸುತ್ತಲಿಗಿಂತ ಬಿಸಿಯಾದ ದೂಳಿನ ಗಂಟು ಕಂಡಿತ್ತು.

ನನ್ನ ಅಭಿಪ್ರಾಯ ಇಷ್ಟು. 1987ರ ಮಿತಿಯ ಬುಡ ಈಗ ಮೊದಲಿಗಿಂತ ಗಟ್ಟಿ. ಅಂಚು ಮಾತ್ರ ಮಸುಕು. ಆ ಮಸುಕು ಹೋಗಲು ಇನ್ನಷ್ಟು ಲೆಕ್ಕ ಸಾಲದು, ಇನ್ನೊಂದು ಸೂಪರ್‌ನೋವಾನೇ ಬೇಕು.

ಉಣಕಲ್31, ಹುಬ್ಬಳ್ಳಿ

"ಬುಡ ಗಟ್ಟಿ, ಅಂಚು ಮಸುಕು" ಅನ್ನುವುದಾದರೆ ನನಗೆ ಒಪ್ಪಿಗೆ. ಚೂಪು ಗೆರೆ ಎಳೆದ ಚಿತ್ರಗಳನ್ನು ನೋಡಿದಾಗ ಮಾತ್ರ ನನಗೆ ಸಿಟ್ಟು ಬರುತ್ತದೆ.

ಬ್ಯಾಡಗಿ ಬಜಾರ, ಹಾವೇರಿ

ಇನ್ನೊಂದು ಯಾವಾಗ ಸಿಡಿಯುತ್ತದೆ? ನಮ್ಮ ತಂದೆ ಆರಿದ್ರಾ ಮಳೆ ನೋಡಿ ಹೊಲದ ಕೆಲಸ ಹೂಡುತ್ತಾರೆ. ಆ ಆರಿದ್ರಾ ನಕ್ಷತ್ರವೇ ಸಿಡಿಯಲಿದೆ ಅಂತ 2020ರ ಆರಂಭದಲ್ಲಿ ಮೊಬೈಲ್ ತುಂಬಾ ಸುದ್ದಿ ಬಂದಿತ್ತು.

ಕಪ್ಪತಗುಡ್ಡದ ಗಾಳಿ, ಗದಗ

ಹೌದ್ರಿ, ಆರಿದ್ರಾ ಅಂದರೆ ಬೀಟಲ್‌ಗೂಸ್. 2019ರ ಕೊನೆಗೆ ಅದು ಮಂಕಾಯಿತು. ಅದರಿಂದ ಹೊರಬಂದ ದೂಳು ಅಡ್ಡ ಬಂದದ್ದು ಮುಖ್ಯ ಕಾರಣ ಎಂದು ಆಮೇಲೆ ತಿಳಿಯಿತು. ಸಿಡಿಯುವುದು ಖಚಿತ, ಆದರೆ ನಾಳೆಯೇ ಎಂದು ಹೇಳಲು ಯಾವ ಆಧಾರವೂ ಇಲ್ಲ. ಲಕ್ಷ ವರ್ಷ ಆಚೆಗೂ ಇರಬಹುದು.

ಆದರೆ ಅದು ಸಿಡಿಯದೆಯೂ ಉಪಯೋಗಕ್ಕೆ ಬಂದಿದೆ. ಅದರ ಬಿಸಿ ಒಡಲಿನಲ್ಲಿ ಹುಟ್ಟಿದ ಹಗುರ ಕಣಗಳು ದಾರಿಯಲ್ಲಿ ಎಕ್ಸ್-ಕಿರಣಗಳಾಗಬಹುದು ಎಂದು ನುಸ್ಟಾರ್ ದೂರದರ್ಶಕವನ್ನು ಅದರತ್ತ ತಿರುಗಿಸಿದರು. ಏನೂ ಕಾಣಲಿಲ್ಲ. 2021ರಲ್ಲಿ ಅದರಿಂದಲೇ ಇನ್ನೊಂದು ಮಿತಿ ಬಂತು.

ಕೆಲಗೇರಿ ಕೆರೆ, ಧಾರವಾಡ

ನಮ್ಮ ಆಕಾಶಗಂಗೆಯಲ್ಲಿ ಇಂಥ ಕುಸಿತ ನೂರು ವರ್ಷಕ್ಕೆ ಒಂದರಿಂದ ಮೂರು ಎಂಬ ಅಂದಾಜಿದೆ. ಆಕಾಶಗಂಗೆಯೊಳಗೆ ಬರಿಗಣ್ಣಿಗೆ ಚೆನ್ನಾಗಿ ಕಂಡ ಕೊನೆಯ ಸೂಪರ್‌ನೋವಾ 1604ರದು. ಅನೇಕವು ದೂಳಿನ ಹಿಂದೆ ಸಿಡಿದು ಕಾಣದೇ ಹೋಗಿವೆ. ನ್ಯೂಟ್ರಿನೋಗಳಿಗೆ ದೂಳಿನ ಅಡ್ಡಿ ಇಲ್ಲ.

ಈ ಸಲ ತಯಾರಿ ಬೇರೆಯೇ ಮಟ್ಟದ್ದು. ಸೂಪರ್-ಕಾಮಿಯೊಕಾಂಡೆಯಲ್ಲಿ 50,000 ಟನ್ ನೀರಿದೆ. 2020ರಿಂದ ಅದಕ್ಕೆ ಗ್ಯಾಡೊಲಿನಿಯಮ್ ಎಂಬ ಧಾತು ಬೆರೆಸಿದ್ದಾರೆ, ಆಂಟಿನ್ಯೂಟ್ರಿನೋಗಳನ್ನು (ನ್ಯೂಟ್ರಿನೋಗಳ ಪ್ರತಿಕಣಗಳನ್ನು) ಚೆನ್ನಾಗಿ ಗುರುತಿಸಲು. ಆಕಾಶಗಂಗೆಯ ನಡುವಿನಷ್ಟು ದೂರದಲ್ಲಿ ಸಿಡಿದರೆ 11ರ ಜಾಗದಲ್ಲಿ ಸಾವಿರಾರು ಸಂಕೇತ ಬರುತ್ತವೆ. ತಿರುಳು ಸೆಕೆಂಡು ಸೆಕೆಂಡಿಗೆ ಹೇಗೆ ತಣ್ಣಗಾಯಿತು ಎಂಬ ಪೂರ್ತಿ ರೇಖೆ ಸಿಗುತ್ತದೆ. ಉಣಕಲ್ ಮೇಡಂ ಕೇಳಿದ ಮೊದಲ ಮೂರು ಪ್ರಶ್ನೆಗಳಿಗೆ ಆಗ ಜಾಗವೇ ಇರುವುದಿಲ್ಲ.

ಗಾಮಾ ಕಿರಣದ ಕಡೆ ಒಂದು ಚಿಂತೆ ಇದೆ. ಫರ್ಮಿ ಉಪಗ್ರಹ 2008ರಿಂದ ಹಾರುತ್ತಿದೆ. ಅದರ ಮುಖ್ಯ ದೂರದರ್ಶಕ ಒಂದು ಹೊತ್ತಿಗೆ ನೋಡುವುದು ಆಕಾಶದ ಐದನೇ ಒಂದು ಭಾಗ. ಬೇಕಾದ ಹತ್ತು ಸೆಕೆಂಡಿನಲ್ಲಿ ಅದು ಬೇರೆ ಕಡೆ ಮುಖ ಮಾಡಿದ್ದರೆ? ಇಡೀ ಆಕಾಶವನ್ನು ಒಟ್ಟಿಗೆ ಕಾಯುವ ಉಪಗ್ರಹಗಳ ಗುಂಪು ಬೇಕು ಎಂಬ ಪ್ರಸ್ತಾಪ ಅದಕ್ಕೇ ಬಂದಿದೆ. ಇದಕ್ಕೆ ಹಣ ಸಿಗಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ತಪ್ಪಿಹೋದರೆ ಮುಂದಿನ ಅವಕಾಶಕ್ಕೆ ನಮ್ಮ ಮೊಮ್ಮಕ್ಕಳು ಕಾಯಬೇಕಾಗುತ್ತದೆ.

ಪಿಯು ದ್ವಿತೀಯ, ಗದಗ

ನಮಗೆ ಮೊದಲೇ ಗೊತ್ತಾಗುತ್ತಾ ಸರ್? ನಮ್ಮ ಊರಿಂದ ಕಾಣುತ್ತದಾ?

ಕಪ್ಪತಗುಡ್ಡದ ಗಾಳಿ, ಗದಗ

ಗೊತ್ತಾಗುತ್ತದೆ ತಂಗಿ. ಸ್ನ್ಯೂಸ್ ಎಂಬ ವ್ಯವಸ್ಥೆ ಇದೆ. ಬೇರೆ ಬೇರೆ ದೇಶಗಳ ನ್ಯೂಟ್ರಿನೋ ಉಪಕರಣಗಳು ಒಂದೇ ಹೊತ್ತಿಗೆ ಸುರಿಮಳೆ ಕಂಡರೆ ಎಚ್ಚರಿಕೆ ಕಳಿಸುತ್ತದೆ. ಹವ್ಯಾಸಿಗಳೂ ಇಮೇಲ್ ಕೊಟ್ಟು ಹೆಸರು ಬರೆಸಬಹುದು. ನಾನು ಬರೆಸಿದ್ದೇನೆ. ಬೆಳಕು ಬರುವುದಕ್ಕೆ ಕೆಲವು ನಿಮಿಷದಿಂದ ಕೆಲವು ಗಂಟೆ ಮೊದಲು ಸುದ್ದಿ ಸಿಗುತ್ತದೆ.

1987ರದ್ದು ನಮಗೆ ದಕ್ಷಿಣ ದಿಗಂತಕ್ಕೆ ತೀರಾ ಅಂಟಿಕೊಂಡಿತ್ತು. ಏರಿದರೂ ಐದು ಡಿಗ್ರಿ ಅಷ್ಟೇ. ಮುಂದಿನದು ಆಕಾಶಗಂಗೆಯ ನಡುವಿನ ಕಡೆ, ಅಂದರೆ ಧನು ರಾಶಿಯ ಕಡೆ ಸಿಡಿಯುವ ಸಾಧ್ಯತೆ ಹೆಚ್ಚು. ಆ ಭಾಗ ಗದಗಿನಿಂದ ದಕ್ಷಿಣದಲ್ಲಿ 45 ಡಿಗ್ರಿ ಎತ್ತರಕ್ಕೆ ಬರುತ್ತದೆ. ಯುರೋಪಿನವರಿಗಿಂತ ನಮಗೆ ಎಷ್ಟೋ ಅನುಕೂಲ. ಜೂನ್, ಜುಲೈನಲ್ಲಿ ಅದು ರಾತ್ರಿಯಿಡೀ ಮೇಲಿರುತ್ತದೆ, ಆದರೆ ಮೋಡ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗಿನ ಜಾವ ನೋಡಿ, ಆಕಾಶ ತಿಳಿಯಾಗಿರುತ್ತದೆ. ಈಗಲೇ ಆ ಭಾಗದ ನಕ್ಷತ್ರಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಹೊಸದು ಬಂದರೆ ಯಾವುದು ಹೊಸದು ಅಂತ ತಿಳಿಯಬೇಕಲ್ಲ. ಮಾಸ್ತರ್ ಒಪ್ಪಿದರೆ ನಿಮ್ಮ ಕಾಲೇಜಿನ ಮಕ್ಕಳಿಗೆ ನಕ್ಷೆ ನಾನೇ ಮಾಡಿಕೊಡುತ್ತೇನೆ.

ಗದಗ ಮಾಸ್ತರ

ಒಪ್ಪಿಗೆ. ಕನ್ನಡದಲ್ಲೇ ಮಾಡಿ, ನಮ್ಮ ಮಳೆ ನಕ್ಷತ್ರಗಳ ಹೆಸರೂ ಅದರಲ್ಲಿ ಇರಲಿ.